ನಾಡದೋಣಿಯ ಹಳೆಯ ಸೀಮೆಎಣ್ಣೆ ಎಂಜಿನ್: ಇಂಧನ ದೋಷವನ್ನು ಹುಡುಕಿದ ದಾಖಲೆ

ಈ ದಾಖಲೆ ಗಂಗೊಳ್ಳಿ ಕಡೆಯ ಒಂದು ನಾಡದೋಣಿಗೆ ಕಟ್ಟಿದ್ದ 8 ಅಶ್ವಶಕ್ತಿಯ ಹಳೆಯ ಔಟ್‌ಬೋರ್ಡ್ (ದೋಣಿಯ ಹೊರಬದಿಗೆ ಕಟ್ಟುವ) ಎಂಜಿನ್ನಿನದು. ಎರಡು ಸಿಲಿಂಡರು, ಒಂದೇ ಕಾರ್ಬೊರೇಟರು, ಟೂ-ಸ್ಟ್ರೋಕ್, ಹಗ್ಗ ಎಳೆದು ಚಾಲೂ ಮಾಡುವ ಬಗೆ. ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ನಮ್ಮ ಕರಾವಳಿಯಲ್ಲಿ ಇಂಥ ಚಿಕ್ಕ ಎಂಜಿನ್ನುಗಳಿಗೆ ಮಳೆಗಾಲದಲ್ಲಿ ಬೆಲೆ ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಯ ಒಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ಆ ನಿಷೇಧದಿಂದ ವಿನಾಯಿತಿ ಇದೆ. ಆ ದಿನಗಳಲ್ಲಿ ಅಳಿವೆ ದಾಟುವಾಗ ಎಂಜಿನ್ ನಿಂತರೆ ಆಗುವುದು ಬರೀ ಸಂಪಾದನೆಯ ನಷ್ಟವಲ್ಲ, ದೋಣಿಯಲ್ಲಿದ್ದವರ ಜೀವಕ್ಕೇ ಕುತ್ತು. ಆದ್ದರಿಂದ ಈ ಎಂಜಿನ್ನನ್ನು ಹೇಗೋ ಚಾಲೂ ಮಾಡಿಕೊಟ್ಟರೆ ಸಾಕು ಎಂಬ ಮಟ್ಟದಲ್ಲಿ ಕೆಲಸ ಬಿಡುವಂತಿರಲಿಲ್ಲ. ಅದು ಏಕೆ ನಿಲ್ಲುತ್ತಿದೆ ಎಂಬುದು ಖಚಿತವಾಗಬೇಕಿತ್ತು.

ದೂರುಗಳು ಎರಡಿದ್ದವು. ಮೊದಲನೆಯದು, ಬೆಳಗಿನ ಹೊತ್ತು ಎಂಜಿನ್ ತಣ್ಣಗಿರುವಾಗ ಹಗ್ಗ ಎಳೆದೆಳೆದು ತೋಳು ಸೋತರೂ ಅದು ಹಿಡಿಯುತ್ತಿರಲಿಲ್ಲ. ಎರಡನೆಯದು, ಹೇಗೋ ಹಿಡಿದು, ಬಿಸಿಯಾಗಿ, ಸೀಮೆಎಣ್ಣೆಗೆ ಬದಲಾಯಿಸಿ, ಪೂರ್ತಿ ಥ್ರಾಟಲ್ (ವೇಗದ ಹಿಡಿ) ಕೊಟ್ಟು ಓಡಿಸುತ್ತಿದ್ದಾಗ ಒಂದಷ್ಟು ದೂರ ಸರಿಯಾಗಿಯೇ ಹೋಗಿ, ಆಮೇಲೆ ಸದ್ದು ಇಳಿದು, ಕೆಮ್ಮಿ ನಿಲ್ಲುತ್ತಿತ್ತು. ಪೈಪಿನ ನಡುವೆ ಇರುವ ರಬ್ಬರ್ ಬಲ್ಬನ್ನು ಕೈಯಿಂದ ಒತ್ತುತ್ತಿದ್ದರೆ ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಒಂದು ದಿನ ಹೀಗಾದರೆ ಮರುದಿನ ಆಗುತ್ತಿರಲಿಲ್ಲ. ದೋಣಿ ನಡೆಸುವ ತಾಂಡೇಲರ ತೀರ್ಮಾನ ಮೊದಲೇ ಆಗಿಬಿಟ್ಟಿತ್ತು: "ಕಾರ್ಬೊರೇಟರ್ ಒಮ್ಮೆ ಬಿಚ್ಚಿ ತೊಳೆದುಬಿಡಿ ಮಾರಾಯ್ರೆ, ಮತ್ತೆಲ್ಲ ಸಮ ಆಗ್ತದೆ."

ಇಂಧನದ ತೊಂದರೆ ಎಂದೊಡನೆ ಕಾರ್ಬೊರೇಟರಿಗೆ ಪಾನೆ ಹಾಕುವ ಅಭ್ಯಾಸ ನಮ್ಮಲ್ಲಿ ಎಲ್ಲ ಕಡೆಯೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬೊರೇಟರು ಇಂಧನದ ಹಾದಿಯ ಕೊನೆಯ ನಿಲ್ದಾಣ. ಅಲ್ಲಿಗೆ ಬರುವ ಮುನ್ನ ಇಂಧನವು ಕ್ಯಾನು, ಅದರೊಳಗಿನ ಜಾಲರಿ, ಪೈಪು, ಬಲ್ಬು, ಪೈಪನ್ನು ಎಂಜಿನ್ನಿಗೆ ಸಿಕ್ಕಿಸುವ ಕನೆಕ್ಟರು, ಇಂಧನ ಬದಲಿಸುವ ಕಾಕು (ನಲ್ಲಿ), ಫಿಲ್ಟರು, ಪಂಪು ಇಷ್ಟನ್ನೂ ದಾಟಿರುತ್ತದೆ. ಇವುಗಳಲ್ಲಿ ಯಾವುದು ಕೆಟ್ಟರೂ ಲಕ್ಷಣ ಕಾಣಿಸುವುದು ಕಾರ್ಬೊರೇಟರಿನಲ್ಲಿಯೇ, ಹಾಗಾಗಿ ಬೈಗುಳವೂ ಅದಕ್ಕೇ. ಮೇಲಾಗಿ ಒಮ್ಮೆ ಬಿಚ್ಚಿ ತೊಳೆದು ಜೋಡಿಸುವ ಗಡಿಬಿಡಿಯಲ್ಲಿ ಪೈಪುಗಳೂ ಕ್ಲಿಪ್ಪುಗಳೂ ಅಲುಗಾಡಿ ದೋಷ ಕೆಲವು ದಿನ ಮರೆಯಾಗುವುದುಂಟು. ಆಗ ತೊಳೆದದ್ದರಿಂದಲೇ ಸರಿಹೋಯಿತು ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಇಂಧನದ ಕೊರತೆಯನ್ನು ಲಘುವಾಗಿ ನೋಡಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಇಲ್ಲಿ ಪಿಸ್ಟನ್ನಿಗೂ ಬೇರಿಂಗುಗಳಿಗೂ ಬೇಕಾದ ಆಯಿಲ್ ಬರುವುದು ಇಂಧನದೊಂದಿಗೆ ಬೆರೆತು. ಪ್ರತ್ಯೇಕ ಆಯಿಲ್ ಸಂಪು ಇಲ್ಲ. 50ಕ್ಕೆ 1ರ ಪ್ರಮಾಣವೆಂದರೆ ಒಂದು ಲೀಟರಿಗೆ 20 ಮಿಲಿಲೀಟರ್ ಆಯಿಲ್. ಇಂಧನ ಅರ್ಧಕ್ಕಿಳಿದರೆ ಆಯಿಲೂ ಅರ್ಧಕ್ಕಿಳಿಯುತ್ತದೆ, ಅದೇ ಹೊತ್ತಿಗೆ ಗಾಳಿ ಹೆಚ್ಚಾದ ಮಿಶ್ರಣ ಉರಿದು ಪಿಸ್ಟನ್ನಿನ ತಲೆ ಕಾಯುತ್ತದೆ. ಕೆಮ್ಮುತ್ತಿರುವ ಎಂಜಿನ್ನಿಗೆ ಪೂರ್ತಿ ಥ್ರಾಟಲ್ ಕೊಟ್ಟು ದಡ ಮುಟ್ಟಿಸಿದವರು ಎಷ್ಟೋ ಸಲ ಪಿಸ್ಟನ್ ಹಿಡಿದುಕೊಂಡ ಎಂಜಿನ್ನನ್ನೇ ದಡಕ್ಕೆ ತಂದಿರುತ್ತಾರೆ.

ಹಾಗಾಗಿ ಮೊದಲು ಪ್ಲಗ್ಗುಗಳನ್ನು ಬಿಚ್ಚಿ ನೋಡಲಾಯಿತು. ಎರಡರಲ್ಲೂ ಕಿಡಿ ನೀಲಿಯಾಗಿ, ಬಲವಾಗಿ ಬರುತ್ತಿತ್ತು. ಸೀಮೆಎಣ್ಣೆ ಎಂಜಿನ್ನಿನ ಪ್ಲಗ್ಗು ಸಾಮಾನ್ಯವಾಗಿ ಕಪ್ಪಾಗಿಯೇ ಇರುತ್ತದೆ. ಇವುಗಳ ಬುಡ ಕಪ್ಪಾಗಿದ್ದರೂ ತುದಿಯ ಪಿಂಗಾಣಿ ಬಿಳಿಚಿಕೊಂಡಿತ್ತು. ಹಿಂದೆ ಇಂಧನ ಹೆಚ್ಚಾಗಿ ಉರಿದ ಗುರುತು, ಅದರ ಮೇಲೆ ಈಚೆಗೆ ಇಂಧನ ಸಾಲದೆ ಉರಿದ ಗುರುತು. ಕಂಪ್ರೆಶನ್ (ಪಿಸ್ಟನ್ ಒತ್ತುವ ಒತ್ತಡ) ಎರಡೂ ಸಿಲಿಂಡರಿನಲ್ಲಿ ಹೆಚ್ಚುಕಡಿಮೆ ಒಂದೇ ಸಮನಾಗಿತ್ತು. ಇಷ್ಟಾದ ಮೇಲೆ ಕಿಡಿಯ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ಬಲ್ಬಿನ ಮೇಲೆ ಕೈಯಿಟ್ಟು

ಎಂಜಿನ್ನಿನ ಇಂಧನ ಪಂಪು ಎಷ್ಟು ದುರ್ಬಲ ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. ಅದಕ್ಕೆ ಮೋಟಾರು ಇಲ್ಲ, ವಿದ್ಯುತ್ತೂ ಇಲ್ಲ. ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ತಗ್ಗುತ್ತದೆ, ಕೆಳಗಿಳಿಯುವಾಗ ಏರುತ್ತದೆ. ಈ ಏರಿಳಿತವು ಒಂದು ಸಣ್ಣ ತೂತಿನ ಮೂಲಕ ಪಂಪಿನೊಳಗಿನ ತೆಳು ಪೊರೆಯನ್ನು ಅತ್ತಿತ್ತ ಆಡಿಸುತ್ತದೆ, ಎರಡು ಪುಟ್ಟ ವಾಲ್ವುಗಳು ಇಂಧನ ಹಿಂದಕ್ಕೆ ಹೋಗದಂತೆ ತಡೆಯುತ್ತವೆ. ಅಷ್ಟೇ. ದೋಣಿಯ ತಳದಲ್ಲಿರುವ ಕ್ಯಾನಿನಿಂದ ಎಂಜಿನ್ನಿನ ಎತ್ತರಕ್ಕೆ ಎಣ್ಣೆಯನ್ನು ಎಳೆಯಲು ಈ ಬಲ ಸಾಕಾಗುತ್ತದೆ, ಆದರೆ ಹೆಚ್ಚಿನ ಬಲವೇನೂ ಉಳಿದಿರುವುದಿಲ್ಲ. ಎಳೆಯುವ ಹಾದಿಯಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಸೀಳಿದ ಕೊಳವೆಯಲ್ಲಿ ಎಳನೀರು ಹೀರಿದ ಹಾಗೆ ಎಣ್ಣೆಗಿಂತ ಗಾಳಿಯೇ ಮೊದಲು ಬರುತ್ತದೆ. ಸಣ್ಣ ಥ್ರಾಟಲಿನಲ್ಲಿ ಎಂಜಿನ್ನಿಗೆ ಬೇಕಾಗುವ ಎಣ್ಣೆ ಕಡಿಮೆಯಾದ್ದರಿಂದ ಈ ಕೊರತೆ ಗೊತ್ತಾಗುವುದಿಲ್ಲ. ಪೂರ್ತಿ ಥ್ರಾಟಲಿನಲ್ಲಿ ಕಾರ್ಬೊರೇಟರಿನ ಫ್ಲೋಟ್ ಬಟ್ಟಲು (ಎಣ್ಣೆ ನಿಲ್ಲುವ ಪುಟ್ಟ ಬಟ್ಟಲು) ತುಂಬುವುದಕ್ಕಿಂತ ಬೇಗ ಖಾಲಿಯಾಗಿ ಎಂಜಿನ್ ಕುಗ್ಗುತ್ತದೆ.

ಈ ಕಾರಣಕ್ಕೆ ರಬ್ಬರ್ ಬಲ್ಬು ಬರೀ ಎಣ್ಣೆ ಏರಿಸುವ ಸಾಧನವಲ್ಲ, ನಮ್ಮ ಕೈಗೆ ಸಿಗುವ ಅತಿ ಒಳ್ಳೆಯ ಪರೀಕ್ಷಾ ಸಾಧನವೂ ಹೌದು. ಎಂಜಿನ್ ಕುಗ್ಗುತ್ತಿರುವ ಆ ಗಳಿಗೆಯಲ್ಲೇ ಬಲ್ಬನ್ನು ಮುಟ್ಟಿ ನೋಡಬೇಕು. ಅದು ಚಪ್ಪಟೆಯಾಗಿ ಒಳಕ್ಕೆ ಸೆಳೆದುಕೊಂಡಿದ್ದರೆ ಬಲ್ಬಿಗಿಂತ ಹಿಂದೆ, ಅಂದರೆ ಕ್ಯಾನಿನ ಕಡೆ, ಎಲ್ಲೋ ತಡೆಯಿದೆ: ಗಾಳಿಯ ತೂತು ಮುಚ್ಚಿದೆ, ಜಾಲರಿ ಕಟ್ಟಿದೆ, ಇಲ್ಲವೇ ಪೈಪಿನ ಒಳಪದರ ಕಿತ್ತುಬಂದು ಹಾದಿ ಅಡ್ಡಗಟ್ಟಿದೆ. ಬಲ್ಬು ದುಂಡಗೇ ಇದ್ದು ಒತ್ತಿದರೆ ಮೆತ್ತಗಿದ್ದರೆ ಎಣ್ಣೆಯ ಜಾಗದಲ್ಲಿ ಗಾಳಿ ಸೇರುತ್ತಿದೆ. ಗಟ್ಟಿಯಾಗಿಯೇ ಇದ್ದೂ ಎಂಜಿನ್ ಕುಗ್ಗಿದರೆ ಆಗ ಪಂಪನ್ನೋ ಕಾರ್ಬೊರೇಟರನ್ನೋ ಅನುಮಾನಿಸಬೇಕು. ಬಲ್ಬನ್ನು ಒತ್ತುತ್ತಿರುವಾಗ ಎಂಜಿನ್ ಚೇತರಿಸಿಕೊಂಡರೆ ಪಂಪು ಮಾಡಬೇಕಾದ ಕೆಲಸವನ್ನು ನಮ್ಮ ಕೈ ಮಾಡುತ್ತಿದೆ, ಕಾರ್ಬೊರೇಟರಿನ ಜೆಟ್ಟುಗಳಲ್ಲಿ, ಅಂದರೆ ಎಣ್ಣೆಯನ್ನು ಅಳೆದು ಬಿಡುವ ಸಣ್ಣ ತೂತುಗಳಲ್ಲಿ, ಎಣ್ಣೆ ಹರಿಯಲು ದಾರಿ ಇದೆ ಎಂದೇ ಅರ್ಥ. ನಮ್ಮ ಎಂಜಿನ್ನು ಬಲ್ಬು ಒತ್ತಿದರೆ ಚೇತರಿಸಿಕೊಳ್ಳುತ್ತಿತ್ತು. ಪಾನೆ ಎತ್ತುವ ಮೊದಲೇ ಕಾರ್ಬೊರೇಟರಿನ ಮುಖ್ಯ ಜೆಟ್ಟು ನಿರಪರಾಧಿ ಎಂದು ಇಷ್ಟರಲ್ಲೇ ತೀರ್ಮಾನಿಸಬಹುದಿತ್ತು.

ಈ ಪರೀಕ್ಷೆಯನ್ನು ದಡದಲ್ಲಿ ನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿ ಮಾಡಲಾಗುವುದಿಲ್ಲ. ಡ್ರಮ್ಮಿನಲ್ಲಿ ಎಂಜಿನ್ನಿಗೆ ನಿಜವಾದ ಹೊರೆ ಬೀಳುವುದಿಲ್ಲ. ಥ್ರಾಟಲ್ ಏರಿಸಿದರೆ ಪ್ರೊಪೆಲ್ಲರು ನೀರನ್ನೆಲ್ಲ ನೊರೆ ಮಾಡಿ, ತಂಪು ಮಾಡುವ ನೀರಿನ ಪಂಪೂ ಗಾಳಿ ಎಳೆಯತೊಡಗುತ್ತದೆ. ನೀರಿಲ್ಲದೆ ಓಡಿಸುವ ಮಾತಂತೂ ಬೇಡ, ಕೆಳಗಿನ ನೀರಿನ ಪಂಪಿನ ರಬ್ಬರ್ ಇಂಪೆಲ್ಲರು ನೋಡುನೋಡುತ್ತಲೇ ಸುಟ್ಟುಹೋಗುತ್ತದೆ. ಆದ್ದರಿಂದ ಅಳಿವೆಯ ಒಳಗೆ, ಪಂಚಗಂಗಾವಳಿ ನದಿಯ ಶಾಂತ ನೀರಿನಲ್ಲಿ, ಜೊತೆಗೆ ಇನ್ನೊಂದು ದೋಣಿಯಿಟ್ಟುಕೊಂಡು ಓಡಿಸಿ ನೋಡಿದೆವು. ಎಂಜಿನ್ ಕುಗ್ಗಿದಾಗ ಬಲ್ಬು ದುಂಡಗೆ, ಮೆತ್ತಗಿತ್ತು. ಹಾಗಾದರೆ ಎಲ್ಲೋ ಗಾಳಿ ಸೇರುತ್ತಿದೆ.

ಕ್ಯಾನಿನಿಂದ ಕನೆಕ್ಟರಿನವರೆಗೆ

ಕಂಪನಿಯ ಟ್ಯಾಂಕು ಎಂದೋ ತುಕ್ಕು ಹಿಡಿದು ಹೋಗಿ ಈ ದೋಣಿಯಲ್ಲಿ ಪ್ಲಾಸ್ಟಿಕ್ ಕ್ಯಾನಿನ ಮುಚ್ಚಳಕ್ಕೆ ತೂತು ಕೊರೆದು ಪೈಪು ಇಳಿಬಿಟ್ಟಿದ್ದರು. ಗಾಳಿಯ ತೂತಿಗೆ ಮಳೆನೀರು ಇಳಿಯದಿರಲೆಂದು ಬಟ್ಟೆಯ ಚೂರು ತುರುಕಿತ್ತು. ಅದು ನಮ್ಮ ದೋಷದ ಕಾರಣವಲ್ಲ, ಏಕೆಂದರೆ ಬಲ್ಬು ಚಪ್ಪಟೆಯಾಗುತ್ತಿರಲಿಲ್ಲ. ಆದರೂ ಬಟ್ಟೆ ಒದ್ದೆಯಾಗಿ ಉಪ್ಪು ಕಟ್ಟಿದ ದಿನ ಅದೇ ಕಾರಣವಾಗಬಹುದಿತ್ತು. ಬಟ್ಟೆ ತೆಗೆದು, ತೂತಿಗೆ ಒಂದು ತುಂಡು ಪೈಪನ್ನು ಕೆಳಮುಖವಾಗಿ ಬಾಗಿಸಿ ಕೂರಿಸಲಾಯಿತು. ಗಾಳಿ ಹೋಗುತ್ತದೆ, ಮಳೆ ಬೀಳುವುದಿಲ್ಲ. ಒಳಗಿನ ಪೈಪಿನ ತುದಿ ಕ್ಯಾನಿನ ತಳಕ್ಕೆ ತಾಗಿಕೊಂಡಿತ್ತು. ನೀರು ಸೀಮೆಎಣ್ಣೆಗಿಂತ ಭಾರ, ಅದು ತಳದಲ್ಲೇ ಸೇರುತ್ತದೆ, ಮರಳೂ ಅಲ್ಲಿಯೇ. ತುದಿಯನ್ನು ಎರಡು ಬೆರಳು ಮೇಲಕ್ಕೆತ್ತಿ ಜಾಲರಿ ಹೊಸದು ಹಾಕಿ, ಕ್ಯಾನಿನಲ್ಲಿದ್ದದ್ದನ್ನು ಬಿಳಿ ಬಾಟಲಿಗೆ ಸುರಿದು ನೋಡಿದಾಗ ತಳದಲ್ಲಿ ನೀರಿನ ಸಣ್ಣ ಗೋಲಿಗಳು ಉರುಳಾಡುತ್ತಿದ್ದವು.

ಪೆಟ್ರೋಲಿನ ವಿಷಯದಲ್ಲಿ ನೀರು ಹೀಗೆ ಕಣ್ಣಿಗೆ ಕಾಣಿಸುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ನೂರಕ್ಕೆ 20ಕ್ಕೆ ಏರಿದೆ. ಎಥನಾಲ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಒಂದು ಮಿತಿ ದಾಟಿದೊಡನೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಇದರಲ್ಲಿರುವ ನಿಜವಾದ ಅಪಾಯ ಬೇರೆಯದು: ನಾವು ಬೆರೆಸಿದ 2ಟಿ (ಟೂ-ಸ್ಟ್ರೋಕ್) ಆಯಿಲ್ ಮೇಲಿನ ಪೆಟ್ರೋಲಿನ ಪದರದಲ್ಲೇ ಉಳಿಯುತ್ತದೆ, ಎಂಜಿನ್ ಮೊದಲು ಹೀರುವುದು ಆಯಿಲ್ ಇಲ್ಲದ ತಳದ ಪದರವನ್ನು. ಮಳೆಗಾಲದಲ್ಲಿ ಅರ್ಧ ತುಂಬಿದ ಪೆಟ್ರೋಲ್ ಕ್ಯಾನನ್ನು ವಾರಗಟ್ಟಲೆ ದೋಣಿಯಲ್ಲೇ ಬಿಡುವವರು ಇದನ್ನು ಗಮನಿಸಬೇಕು. ಎಥನಾಲ್ ಎಷ್ಟಿದೆ ಎಂದು ನೋಡಲು ಗುರುತು ಹಾಕಿದ ಗಾಜಿನ ಕೊಳವೆಯಲ್ಲಿ 100 ಮಿಲಿಲೀಟರ್ ಪೆಟ್ರೋಲಿಗೆ 10 ಮಿಲಿಲೀಟರ್ ನೀರು ಸೇರಿಸಿ ಕುಲುಕಿ ನಿಲ್ಲಿಸಿದರೆ ಸಾಕು. ತಳದ ಪದರ 10ರಲ್ಲಿ ನಿಲ್ಲದೆ ಸುಮಾರು 30ರ ಹತ್ತಿರ ಏರಿದರೆ ಆ ಹೆಚ್ಚುವರಿ ಭಾಗವೆಲ್ಲ ಎಥನಾಲ್. ನಮ್ಮ ದೋಣಿಯ ಪೆಟ್ರೋಲಿನಲ್ಲಿ ಪದರ ಬೇರ್ಪಟ್ಟಿರಲಿಲ್ಲ. ಆದರೆ ಅದರ ವಾಸನೆ ಪೆಟ್ರೋಲಿನದ್ದಾಗಿರಲಿಲ್ಲ. ಅದನ್ನು ಆಗ ಗಮನಿಸಿ ಬರೆದಿಟ್ಟುಕೊಂಡೆ, ಅರ್ಥ ಹೊಳೆದದ್ದು ಆಮೇಲೆ.

ಪೈಪು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ತುದಿಯನ್ನು ಅರ್ಧ ಗೇಣು ಕತ್ತರಿಸಿ ಉದ್ದಕ್ಕೆ ಸೀಳಿದಾಗ ಒಳಪದರ ಬಿರುಕುಬಿಟ್ಟು ಸಿಪ್ಪೆಯಂತೆ ಎದ್ದಿತ್ತು. ಹಳೆಯ ಪೈಪುಗಳಲ್ಲಿ ಇದು ಸಾಮಾನ್ಯ. ಒತ್ತಿದಾಗ ಎಣ್ಣೆ ಸಲೀಸಾಗಿ ಹೋಗುತ್ತದೆ, ಎಳೆದಾಗ ಸಿಪ್ಪೆ ಮಡಚಿ ಅಡ್ಡ ನಿಲ್ಲುತ್ತದೆ. ಎಥನಾಲ್ ತಾಳುವ ಹೊಸ ಇಂಧನ ಪೈಪು ಹಾಕಿ, ತಂತಿ ಸುತ್ತಿದ್ದ ಕಡೆಗಳಲ್ಲೆಲ್ಲ ಸರಿಯಾದ ಸ್ಟೀಲ್ ಕ್ಲಿಪ್ಪು ಬಿಗಿಯಲಾಯಿತು. ತಂತಿ ಪೈಪನ್ನು ಎರಡು ಕಡೆ ಕಚ್ಚುತ್ತದೆ, ಸುತ್ತಲೂ ಒಂದೇ ಸಮ ಹಿಡಿಯುವುದಿಲ್ಲ. ಕನೆಕ್ಟರಿನೊಳಗಿನ ರಬ್ಬರ್ ಉಂಗುರ ಒಂದು ಬದಿ ಸವೆದು ಚಪ್ಪಟೆಯಾಗಿತ್ತು, ಅದನ್ನೂ ಬದಲಿಸಿದೆ.

ಗಾಳಿ ಸೋರುವ ಜಾಗವನ್ನು ಕಣ್ಣಿನಿಂದ ಹುಡುಕುವಾಗ ಒಂದು ಭ್ರಮೆಗೆ ಎಡೆಯಿದೆ. ಎಣ್ಣೆ ಹೊರಗೆ ಜಿನುಗುತ್ತಿಲ್ಲ, ಆದ್ದರಿಂದ ಸೋರಿಕೆಯಿಲ್ಲ ಎಂದುಕೊಳ್ಳುತ್ತೇವೆ. ಪಂಪಿಗಿಂತ ಹಿಂದಿನ ಹಾದಿಯೆಲ್ಲ ಎಂಜಿನ್ ಓಡುವಾಗ ಎಳೆತದಲ್ಲಿರುತ್ತದೆ; ಅಲ್ಲಿನ ಸಂದಿಯಿಂದ ಎಣ್ಣೆ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಬಲ್ಬನ್ನು ಬಲವಾಗಿ ಒತ್ತಿ ಹಿಡಿದಾಗ ಮಾತ್ರ ಆ ಸಂದಿ ಒದ್ದೆಯಾಗಬಹುದು, ಅದೂ ಎಲ್ಲ ಸಲ ಆಗುವುದಿಲ್ಲ. ಆದ್ದರಿಂದ ಹಾದಿಯಲ್ಲಿ ಒಂದು ಗೇಣುದ್ದದ ಪಾರದರ್ಶಕ ಪೈಪಿನ ತುಂಡನ್ನು ಸೇರಿಸಿ, ಎಂಜಿನ್ ಓಡುವಾಗ ಗುಳ್ಳೆ ಬರುತ್ತದೆಯೇ ಎಂದು ನೋಡುವುದು ಹೆಚ್ಚು ನಂಬಿಕೆಯ ದಾರಿ. ಬಲ್ಬಿಗೂ ಕನೆಕ್ಟರಿಗೂ ನಡುವೆ ತುಂಡು ಸೇರಿಸಿ ಓಡಿಸಿದಾಗ ಸೀಮೆಎಣ್ಣೆ ಗುಳ್ಳೆಯಿಲ್ಲದೆ ತಿಳಿಯಾಗಿ ಹರಿಯುತ್ತಿತ್ತು. ಎಂಜಿನ್ನಿನ ಓಟ ಹಿಂದಿಗಿಂತ ಸುಧಾರಿಸಿತ್ತು. ಆದರೂ, ಬಹಳ ಹೊತ್ತು ಓಡಿದ ಮೇಲೆ, ಅದು ಮತ್ತೆ ಕುಗ್ಗಿತು.

ಪಕ್ಕದ ದೋಣಿಯ ಒಳ್ಳೆಯ ಕ್ಯಾನು, ಪೈಪು, ಬಲ್ಬು ಎಲ್ಲವನ್ನೂ ತಂದು ಜೋಡಿಸಿದರೂ ಅದೇ ಕಥೆ. ಆಗ ಉಳಿದದ್ದು ಕನೆಕ್ಟರಿನಿಂದ ಈಚೆಗೆ, ಎಂಜಿನ್ನಿನ ಮುಚ್ಚಳದೊಳಗಿನ ಭಾಗ ಮಾತ್ರ.

ಮೂರು ಬಾಯಿಯ ಕಾಕು

ಪೆಟ್ರೋಲ್ ಮಾತ್ರ ಕುಡಿಯುವ ಎಂಜಿನ್ನುಗಳಲ್ಲಿ ಇಲ್ಲದ ಒಂದು ಭಾಗ ಸೀಮೆಎಣ್ಣೆ ಎಂಜಿನ್ನಿನಲ್ಲಿದೆ. ಸೀಮೆಎಣ್ಣೆ ಸಾಮಾನ್ಯ ಉಷ್ಣತೆಯಲ್ಲಿ ಸಾಕಷ್ಟು ಆವಿಯಾಗುವುದಿಲ್ಲ. ಪೆಟ್ರೋಲು ಸೊನ್ನೆಗಿಂತ ಎಷ್ಟೋ ಕೆಳಗೂ ಕಿಡಿ ಹತ್ತುವಷ್ಟು ಆವಿ ಕೊಡುತ್ತದೆ, ಸೀಮೆಎಣ್ಣೆಗೆ 35 ಡಿಗ್ರಿಯ ಮೇಲಾದರೂ ಬೇಕು. ಆದ್ದರಿಂದ ತಣ್ಣಗಿನ ಎಂಜಿನ್ನನ್ನು ಪೆಟ್ರೋಲಿನಲ್ಲಿ ಎಬ್ಬಿಸಿ, ಬಿಸಿಯಾದ ಮೇಲೆ ಕಾಕನ್ನು ಸೀಮೆಎಣ್ಣೆಗೆ ತಿರುಗಿಸಬೇಕು; ಕೆಲಸ ಮುಗಿಸಿ ನಿಲ್ಲಿಸುವ ಸ್ವಲ್ಪ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಿ, ಫ್ಲೋಟ್ ಬಟ್ಟಲಿನಲ್ಲಿ ನಾಳೆಗೆ ಪೆಟ್ರೋಲೇ ಉಳಿಯುವಂತೆ ನೋಡಿಕೊಳ್ಳಬೇಕು. ಈ ಕಾಕಿಗೆ ಒಳಬರುವ ಬಾಯಿ ಎರಡು, ಹೊರಹೋಗುವ ಬಾಯಿ ಒಂದು. ಈ ದೋಣಿಯಲ್ಲಿ ಪೆಟ್ರೋಲಿನ ಪುಟ್ಟ ಕ್ಯಾನು ಎಂಜಿನ್ನಿಗೆ ಹತ್ತಿರ, ಸೀಮೆಎಣ್ಣೆ ಕ್ಯಾನಿಗಿಂತ ಎತ್ತರದಲ್ಲಿ ಕಟ್ಟಿತ್ತು.

ಪಾರದರ್ಶಕ ತುಂಡನ್ನು ಈಗ ಕಾಕಿಗೂ ಪಂಪಿಗೂ ನಡುವೆ ಹಾಕಿದೆ. ಮೊದಮೊದಲು ಎಣ್ಣೆ ತಿಳಿಯಾಗಿಯೇ ಹರಿಯಿತು. ಪೆಟ್ರೋಲ್ ಕ್ಯಾನು ಖಾಲಿಯಾದ ಹೊತ್ತಿಗೆ ಸರಿಯಾಗಿ ಗುಳ್ಳೆಗಳ ಸಾಲು ಶುರುವಾಯಿತು, ಎಂಜಿನ್ ಕುಗ್ಗಿತು. ಕಾಕು ಸೀಮೆಎಣ್ಣೆಯ ಕಡೆಗೇ ತಿರುಗಿತ್ತು. ಆ ಸ್ಥಿತಿಯಲ್ಲಿ ಪೆಟ್ರೋಲ್ ಕ್ಯಾನು ಖಾಲಿಯಾಗಲು ಕಾರಣವೇ ಇರಬಾರದು.

ಖಚಿತಪಡಿಸಿಕೊಳ್ಳುವ ಪರೀಕ್ಷೆ ಸುಲಭ. ಕಾಕನ್ನು ಸೀಮೆಎಣ್ಣೆಗೆ ತಿರುಗಿಸಿಟ್ಟು, ಪೆಟ್ರೋಲಿನ ಪೈಪನ್ನು ಕಾಕಿನಿಂದ ಕಳಚಿ, ಆ ಬರಿ ಬಾಯಿಯ ಕೆಳಗೆ ಬಿಳಿ ಕಾಗದ ಹಿಡಿದು ಬಲ್ಬು ಒತ್ತಬೇಕು. ಒಳ್ಳೆಯ ಕಾಕಾದರೆ ಒಂದು ಹನಿಯೂ ಬರಬಾರದು. ಇಲ್ಲಿ ತೊಟ್ಟಿಕ್ಕಿತು.

ಈ ಹನಿಯಿಂದ ಎರಡೂ ದೂರುಗಳು ಒಂದೇ ದಾರಕ್ಕೆ ಪೋಣಿಸಿಕೊಂಡವು. ಕಾಕಿನೊಳಗಿನ ರಬ್ಬರ್ ಬಿಲ್ಲೆ ಗಟ್ಟಿಯಾಗಿ, ಮರಳಿನ ಗೀರು ಬಿದ್ದು, ಎರಡು ಬಾಯಿಗಳ ನಡುವೆ ದಾರಿ ಬಿಟ್ಟಿತ್ತು. ಸೀಮೆಎಣ್ಣೆಯಲ್ಲಿ ಓಡುತ್ತಿದ್ದೇವೆ ಎಂದುಕೊಂಡಾಗಲೂ ಪಂಪು ಎತ್ತರದಲ್ಲಿದ್ದ ಪೆಟ್ರೋಲನ್ನೂ ಜೊತೆಗೆ ಎಳೆಯುತ್ತಿತ್ತು. ಪೆಟ್ರೋಲ್ ಇರುವಷ್ಟು ಹೊತ್ತು ಎಂಜಿನ್ನಿನ ಓಟದಲ್ಲಿ ಕೊರತೆ ಕಾಣಿಸುವುದಿಲ್ಲ. ಮುಗಿದೊಡನೆ ಆ ದಾರಿಯಿಂದ ಗಾಳಿ ಬರುತ್ತದೆ. ಪೆಟ್ರೋಲ್ ಕ್ಯಾನನ್ನು ತುಂಬಿಸಿಕೊಂಡು ಹೊರಟ ದಿನ ಎಂಜಿನ್ ನಿಲ್ಲದೆ, ಅರ್ಧ ಇದ್ದ ದಿನ ನಡುವೆ ನಿಲ್ಲುತ್ತಿದ್ದುದಕ್ಕೆ ಇದೇ ಕಾರಣ. ನಿಂತಾಗ ಬಲ್ಬು ಒತ್ತಿದರೆ ಸೀಮೆಎಣ್ಣೆ ಪಂಪಿಗೂ ಹೋಗುತ್ತದೆ, ಅದೇ ಬಿರುಕಿನಿಂದ ಹಿಮ್ಮುಖವಾಗಿ ಪೆಟ್ರೋಲ್ ಕ್ಯಾನಿಗೂ ಸೇರುತ್ತದೆ. ಸಂಜೆ ನಿಲ್ಲಿಸುವ ಮುನ್ನ ತಾಂಡೇಲರು ನಿಯಮದಂತೆ ಕಾಕನ್ನು ಪೆಟ್ರೋಲಿಗೆ ತಿರುಗಿಸುತ್ತಿದ್ದರು, ಆದರೆ ಆ ಕ್ಯಾನಿನಲ್ಲಿದ್ದದ್ದು ಬಹುಪಾಲು ಸೀಮೆಎಣ್ಣೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಅದರಲ್ಲಿ ಏಳುವುದಾದರೂ ಹೇಗೆ? ಆ ಕ್ಯಾನಿನ ಒಂದು ಹನಿಯನ್ನೂ ಹೊಸದಾಗಿ ಬೆರೆಸಿದ ಪೆಟ್ರೋಲಿನ ಒಂದು ಹನಿಯನ್ನೂ ಗಾಜಿನ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದೆ. ಹೊಸದು ಬೇಗನೆ ಆರಿ ಆಯಿಲಿನ ತೆಳು ಗುರುತನ್ನು ಮಾತ್ರ ಬಿಟ್ಟಿತು, ಹಳೆಯದು ಬಹಳ ಹೊತ್ತು ಒದ್ದೆಯಾಗಿಯೇ ಇತ್ತು. ಈಚೆಗೆ ಪೆಟ್ರೋಲಿನ ಖರ್ಚು ಜಾಸ್ತಿಯಾಗಿತ್ತೆಂದು ತಾಂಡೇಲರು ಆಗ ನೆನಪು ಮಾಡಿಕೊಂಡರು.

ಕಾಕನ್ನು ಬಿಚ್ಚಿ, ಬಿಲ್ಲೆ ಕೂರುವ ಲೋಹದ ಮುಖವನ್ನು ನೋಡಿದಾಗ ಅಲ್ಲಿಯೂ ಗೀರುಗಳಿದ್ದವು. ಗಾಜಿನ ಮೇಲೆ ನೀರಿನ ಮರಳುಕಾಗದ ಹಾಸಿ ಆ ಮುಖವನ್ನು ಉಜ್ಜಿ ಸಮ ಮಾಡಿ, ಬಿಲ್ಲೆ ಮಾತ್ರ ಹೊಸದು ಹಾಕುವವರಿದ್ದಾರೆ. ತುರ್ತಿಗೆ ಅದು ಸಾಕಾಗಬಹುದು, ಆದರೆ ಸಮುದ್ರಕ್ಕೆ ಹೋಗುವ ಎಂಜಿನ್ನಿನಲ್ಲಿ ನಾನು ಅದನ್ನು ನೆಚ್ಚುವುದಿಲ್ಲ. ಇಡೀ ಕಾಕನ್ನೇ ಹೊಸದು ತರಿಸಿ ಹಾಕಿದೆ. ಅದರ ಜೊತೆಗೆ ಪೆಟ್ರೋಲಿನ ಪೈಪಿನಲ್ಲಿ ಪ್ರತ್ಯೇಕವಾದ ಒಂದು ಚಿಕ್ಕ ನಲ್ಲಿಯನ್ನೂ ಕೂರಿಸಿದೆ: ಸೀಮೆಎಣ್ಣೆಗೆ ಬದಲಾಯಿಸಿದ ಮೇಲೆ ಇದನ್ನೂ ಮುಚ್ಚಿದರೆ, ಮುಂದೆ ಎಂದಾದರೂ ಕಾಕು ಮತ್ತೆ ಸವೆದರೂ ಪೆಟ್ರೋಲ್ ಸೋರುವುದಿಲ್ಲ, ಗಾಳಿಯೂ ಬರುವುದಿಲ್ಲ. ಇದರಿಂದ ಒಂದು ಕೆಲಸ ಹೆಚ್ಚಾಗುತ್ತದೆ, ನಿಲ್ಲಿಸುವ ಮುನ್ನ ಅದನ್ನು ತೆರೆಯುವುದು ಮರೆಯಬಾರದು. ಅಷ್ಟನ್ನು ತಾಂಡೇಲರು ಒಪ್ಪಿಕೊಂಡರು.

ಪಂಪು, ಕೊನೆಗೆ ಕಾರ್ಬೊರೇಟರು

ಮುಚ್ಚಳ ತೆರೆದದ್ದರಿಂದ ಪಂಪನ್ನೂ ಬಿಚ್ಚಿ ನೋಡಿದೆ. ಪೊರೆ ತೂತಾಗಿರಲಿಲ್ಲ. ತೂತಾಗಿದ್ದರೆ ಇಂಧನವು ಒತ್ತಡದ ಸಣ್ಣ ತೂತಿನಿಂದ ನೇರವಾಗಿ ಕ್ರ್ಯಾಂಕ್‌ಕೇಸಿಗೆ ಇಳಿದು, ಹೊಗೆ ಹೆಚ್ಚಾಗಿ, ಪ್ಲಗ್ಗು ಒದ್ದೆಯಾಗುತ್ತಿತ್ತು. ಆದರೆ ಪೊರೆ ತನ್ನ ಮೃದುತ್ವ ಕಳೆದುಕೊಂಡು ಕಾಗದದ ಹಾಗೆ ಸದ್ದು ಮಾಡುತ್ತಿತ್ತು, ಒಂದು ವಾಲ್ವಿನ ಎಲೆಯ ತುದಿ ಸುರುಳಿಯಾಗಿತ್ತು. ಪೊರೆ, ವಾಲ್ವು, ಪ್ಯಾಕಿಂಗು ಮೂರನ್ನೂ ಬದಲಿಸಿದೆ. ಹಳೆಯ ಪ್ಯಾಕಿಂಗಿನ ಚೂರುಗಳನ್ನು ಕೆರೆಯಲು ಚಾಕು ಬಳಸದೆ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು ಬಳಸಬೇಕು. ಅಲ್ಯೂಮಿನಿಯಂ ಮುಖದಲ್ಲಿ ಒಂದು ಗೀರು ಬಿದ್ದರೆ ಅದೇ ಹೊಸ ಸೋರಿಕೆ.

ಕಾರ್ಬೊರೇಟರಿನ ಸರದಿ ಇದಾದ ಮೇಲೆ ಬಂತು, ಅದೂ ಬೇರೆಯೇ ಕಾರಣಕ್ಕೆ. ಪೂರ್ತಿ ಥ್ರಾಟಲಿನ ತೊಂದರೆ ತೀರಿದ ಮೇಲೂ ಪೆಟ್ರೋಲಿನ ಐಡ್ಲಿಂಗ್ (ಹೊರೆಯಿಲ್ಲದ ನಿಧಾನ ಓಟ) ಒರಟಾಗಿತ್ತು, ಚೋಕನ್ನು ಸ್ವಲ್ಪ ಎಳೆದರೆ ಸುಧಾರಿಸುತ್ತಿತ್ತು. ಚೋಕ್ ಎಳೆದಾಗ ಗಾಳಿ ಕಡಿಮೆಯಾಗುತ್ತದೆ. ಅದರಿಂದ ಸುಧಾರಿಸಿದರೆ ಎಣ್ಣೆ ಸಾಲುತ್ತಿಲ್ಲವೆಂದು ಅರ್ಥ, ಐಡ್ಲಿಂಗಿನಲ್ಲಿ ಎಣ್ಣೆ ಕೊಡುವುದು ಪೈಲಟ್ ಜೆಟ್ಟು. ಬಟ್ಟಲು ಬಿಚ್ಚಿದಾಗ ತಳದಲ್ಲಿ ಉಪ್ಪುನೀರು ಅಲ್ಯೂಮಿನಿಯಮ್ಮನ್ನು ತಿಂದು ಮಾಡಿದ ಬೂದು-ಬಿಳಿ ಪುಡಿ ಇತ್ತು. ಪೈಲಟ್ ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತು ಕಾಣುತ್ತಿರಲಿಲ್ಲ, ಹಳೆಯ ಪೆಟ್ರೋಲ್ ಅಂಟಾಗಿ ಒಣಗಿತ್ತು.

ಜೆಟ್ಟು ಶುಚಿ ಮಾಡುವಾಗ ಪಿನ್ನು, ಸ್ಟೀಲ್ ತಂತಿ, ಸೂಜಿ ಇವುಗಳ ಹತ್ತಿರ ಹೋಗಬಾರದು. ಜೆಟ್ಟು ಮೆತ್ತನೆಯ ಹಿತ್ತಾಳೆ, ಅದರ ತೂತಿನ ಅಳತೆ ಒಂದು ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದ್ದು; ತಂತಿ ಆಡಿಸಿದರೆ ಹಿಗ್ಗುತ್ತದೆ, ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ. ಕಾರ್ಬೊರೇಟರ್ ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿ, ಗಾಳದ ತೆಳು ನೈಲಾನ್ ದಾರವನ್ನು ತೂರಿಸಿ, ಗಾಳಿ ಊದಿದರೆ ಸಾಕಾಗುತ್ತದೆ. ನಮ್ಮಲ್ಲಿ ಆ ದಾರಕ್ಕೇನೂ ಬರವಿಲ್ಲ. ಮಿಶ್ರಣದ ಸ್ಕ್ರೂವನ್ನು ಬಿಚ್ಚುವ ಮುನ್ನ ಅದು ಮುಟ್ಟುವವರೆಗೆ ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತು ಎಂದು ಬರೆದಿಟ್ಟುಕೊಳ್ಳಬೇಕು. ಒತ್ತಿ ಬಿಗಿದರೆ ಅದರ ಚೂಪಾದ ತುದಿಯಲ್ಲಿ ಉಂಗುರದಂಥ ಗೆರೆ ಬಿದ್ದು ಐಡ್ಲಿಂಗ್ ಎಂದೂ ನೆಟ್ಟಗಾಗುವುದಿಲ್ಲ. ಬರೆದಿಟ್ಟದ್ದು ಇಲ್ಲದಿದ್ದರೆ ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟು ಶುರುಮಾಡಿ, ಎಂಜಿನ್ ಬಿಸಿಯಾದ ಮೇಲೆ ಕಿವಿಯಿಟ್ಟು ಹೊಂದಿಸಬಹುದು.

ಫ್ಲೋಟಿನ ಸೂಜಿ ವಾಲ್ವನ್ನು ಪರೀಕ್ಷಿಸಲು ಕಾರ್ಬೊರೇಟರನ್ನು ತಲೆಕೆಳಗೆ ಹಿಡಿದು ಇಂಧನ ಒಳಬರುವ ನಳಿಗೆಗೆ ಶುಚಿಯಾದ ಪೈಪು ಸೇರಿಸಿ ಬಾಯಿಂದ ಊದಿ ನೋಡಿದೆ. ಫ್ಲೋಟಿನ ಭಾರಕ್ಕೇ ವಾಲ್ವು ಮುಚ್ಚಿ ಗಾಳಿ ನಿಂತಿತು. ಫ್ಲೋಟಿನ ಮಟ್ಟ ಕೈಪಿಡಿಯ ಅಳತೆಯಲ್ಲಿಯೇ ಇತ್ತು, ಅದನ್ನು ಮುಟ್ಟಲಿಲ್ಲ. ಮುಖ್ಯ ಜೆಟ್ಟು, ನಿರೀಕ್ಷಿಸಿದ್ದಂತೆ, ಶುಚಿಯಾಗಿತ್ತು.

ಎಲ್ಲ ಜೋಡಿಸಿದ ಮೇಲೆ ಹೊಸ ಪೆಟ್ರೋಲು, ಹೊಸ ಸೀಮೆಎಣ್ಣೆ ಎರಡಕ್ಕೂ ಆಯಿಲ್ ಬೆರೆಸಿದೆ. ಸ್ಕೂಟರಿನ 2ಟಿ ಆಯಿಲ್ ಅಗ್ಗಕ್ಕೆ ಸಿಗುತ್ತದೆಂದು ಬಹಳ ದೋಣಿಗಳಲ್ಲಿ ಅದನ್ನೇ ಹಾಕುತ್ತಾರೆ; ಆದರೆ ಔಟ್‌ಬೋರ್ಡ್ ಎಂಜಿನ್ನು ನೀರಿನಿಂದ ತಂಪಾಗಿ ಓಡುವಂಥದ್ದು, ಅದಕ್ಕೆ ಬೂದಿ ಬಿಡದ ಟಿಸಿ-ಡಬ್ಲ್ಯೂ3 ಗುರುತಿನ ಆಯಿಲೇ ತಕ್ಕದ್ದು. ಬೂದಿ ಬಿಡುವ ಆಯಿಲ್ ಪ್ಲಗ್ಗಿನ ತುದಿಯಲ್ಲೂ ಪಿಸ್ಟನ್ನಿನ ರಿಂಗುಗಳಲ್ಲೂ ಕಟ್ಟಿಕೊಳ್ಳುತ್ತದೆ.

ಹಗ್ಗದ ಎರಡನೆಯ ಎಳೆತಕ್ಕೆ ಎಂಜಿನ್ ಎದ್ದಿತು. ನದಿಯಲ್ಲಿ ಸೀಮೆಎಣ್ಣೆಗೆ ಬದಲಾಯಿಸಿ, ಹೊಸ ಕಾಕನ್ನು ಮಾತ್ರ ಪರೀಕ್ಷೆಗೊಡ್ಡಲು ಚಿಕ್ಕ ನಲ್ಲಿಯನ್ನು ಬೇಕೆಂದೇ ತೆರೆದಿಟ್ಟು, ಪೆಟ್ರೋಲ್ ಕ್ಯಾನಿನ ಮೇಲೆ ಸೀಸದಕಡ್ಡಿಯಿಂದ ಮಟ್ಟ ಗುರುತು ಹಾಕಿ, ಹಿಂದೆ ನಿಲ್ಲುತ್ತಿದ್ದುದಕ್ಕಿಂತ ಬಹಳ ಹೆಚ್ಚು ಹೊತ್ತು ಪೂರ್ತಿ ಥ್ರಾಟಲಿನಲ್ಲಿ ಓಡಿಸಿದೆವು. ಪೆಟ್ರೋಲ್ ಗುರುತಿನಿಂದ ಇಳಿಯಲಿಲ್ಲ, ಏರಲೂ ಇಲ್ಲ. ಪಾರದರ್ಶಕ ತುಂಡಿನಲ್ಲಿ ಗುಳ್ಳೆ ಕಾಣಲಿಲ್ಲ, ಬಲ್ಬು ಗಟ್ಟಿಯಾಗಿಯೇ ಉಳಿಯಿತು. ಅದೇ ವೇಗದಲ್ಲಿ ಎಂಜಿನ್ ನಿಲ್ಲಿಸಿ ಪ್ಲಗ್ಗು ಬಿಚ್ಚಿದಾಗ ಎರಡೂ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಪಾರದರ್ಶಕ ಪೈಪು ಬಿಸಿಲಿಗೂ ಎಣ್ಣೆಗೂ ಬೇಗ ಗಟ್ಟಿಯಾಗುವುದರಿಂದ ಅದನ್ನು ಹಾದಿಯಲ್ಲೇ ಬಿಡದೆ ತೆಗೆದು ಸರಿಯಾದ ಪೈಪು ಹಾಕಿದೆ.

ಕಾರ್ಬೊರೇಟರಿನ ಗಂಟಲಿನಿಂದ ಎಣ್ಣೆಯ ತುಂತುರು ಹಿಂದಕ್ಕೆ ಉಗುಳುತ್ತಿರಲಿಲ್ಲವಾದ್ದರಿಂದ ಮಿಶ್ರಣ ಹಿಂದಕ್ಕೆ ಬಾರದಂತೆ ತಡೆಯುವ ರೀಡ್ ವಾಲ್ವುಗಳನ್ನು ತೆರೆಯುವ ಅಗತ್ಯ ಬೀಳಲಿಲ್ಲ. ಸೀಮೆಎಣ್ಣೆಯಲ್ಲಿ ಐಡ್ಲಿಂಗ್ ಈಗಲೂ ಪೆಟ್ರೋಲಿನಷ್ಟು ನಯವಾಗಿಲ್ಲ, ಅದು ಈ ಬಗೆಯ ಎಂಜಿನ್ನಿನ ಸ್ವಭಾವ. ಬಲೆ ಎಳೆಯುವಾಗ ಬಹಳ ಹೊತ್ತು ಐಡ್ಲಿಂಗಿನಲ್ಲಿ ಇಡುವುದಾದರೆ ಪೆಟ್ರೋಲಿಗೆ ಬದಲಾಯಿಸಿಕೊಳ್ಳುವುದು ಪ್ಲಗ್ಗಿಗೆ ಒಳ್ಳೆಯದೆಂದು ತಾಂಡೇಲರಿಗೆ ತಿಳಿಸಿದ್ದೇನೆ. ಉಳಿದಿರುವುದು ರಬ್ಬರ್ ಬಲ್ಬು. ಅದರ ಬಾಣದ ಗುರುತಿನ ತುದಿಯನ್ನು ಮೇಲಕ್ಕೆ ಹಿಡಿದು ಒತ್ತಿದರೆ ಈಗ ಚೆನ್ನಾಗಿಯೇ ತುಂಬುತ್ತದೆ, ಆದರೆ ಮೈಮೇಲೆ ಸಣ್ಣ ಬಿರುಕುಗಳು ಕಾಣಿಸಿಕೊಂಡಿವೆ. ಅಂಗಡಿಯಲ್ಲಿ ಆ ಅಳತೆಯದು ಬಂದೊಡನೆ ಅದನ್ನೂ ಬದಲಿಸುವುದಿದೆ.